ಹಿಂದೆ ಬರುವವರ ಹೆಜ್ಜೆ



ಡಿಸೆಂಬರ್ ತಿಂಗಳ ಕೊನೆಯ ವಾರ ಮಲೆನಾಡಿನ ಅಡಕೆ ಬೆಳೆಗಾರರ ಮನೆಗೆ ಹೋದರೆ ಮೊದಲು ಮೂಗಿಗೆ ಬಡಿಯುವುದು ಅಡಕೆ ಬೇಯಿಸುವ ಹಂಡೆಯಿಂದ ಏಳುವ ಚೊಗರಿನ ವಾಸನೆ. ಅದರ ಜೊತೆಗೆ ಒಲೆಯ ಹೊಗೆ. ಅಂಗಳದ ಅಟ್ಟದ ಮೇಲೆ ಒಣಗಲು ಹರವಿದ ಅಡಕೆಯ ಒಗರು. ಹೊಸನಗರ ತಾಲ್ಲೂಕಿನ ನಿಟ್ಟೂರಿನ ಸಮೀಪ ನನ್ನ ಚಿಕ್ಕಮ್ಮನ ಮನೆ ಇದೆ. ಮನೆಯ ಮುಂದೆ ತೋಟ, ತೋಟದ ಅಂಚಿಗೆ ಹಳ್ಳ, ಹಳ್ಳಕ್ಕೊಂದು ಮರದ ಸಂಕ. ಸಂಕ ದಾಟಿದರೆ ಕಾಡು, ಕಾಡಿನ ಮೇಲೆ ಕೊಡಚಾದ್ರಿ.

ಕ್ರಿಸ್‌ಮಸ್ ರಜೆ ಬಂತೆಂದರೆ ಈ ಮನೆ ತುಂಬುತ್ತದೆ. ಶಿವಮೊಗ್ಗದಿಂದ ನಾವು, ಬೆಂಗಳೂರಿನಿಂದ ತಂಗಿಯ ಸಂಸಾರ, ಹುಬ್ಬಳ್ಳಿಯಿಂದ ಅಣ್ಣ ಅತ್ತಿಗೆ, ಅವರ ಜೊತೆಗೆ ಸ್ನೇಹಿತರ ಒಂದೆರಡು ಕುಟುಂಬ. ರಾತ್ರಿ ಊಟವಾದ ಮೇಲೆ ಅಡಕೆ ಸುಲಿಯುವವರ ಸಾಲಿನಲ್ಲಿ ನಾವೂ ಮೆಟ್ಟುಗತ್ತಿ ಹಿಡಿದು ಕೂರುತ್ತೇವೆ. ಅಲ್ಲೇ ಮಾರನೇ ದಿನದ ಮಾತು ಶುರುವಾಗುತ್ತದೆ. ಯಾರು ಯಾರು ಬರುತ್ತೀರಿ, ಬುತ್ತಿಗೆ ಏನು, ಎಷ್ಟು ಹೊತ್ತಿಗೆ ಹೊರಡುವುದು ಎಂದು. ‘ಚಾರಣ’ ಎಂಬ ಮಾತನ್ನು ನಮ್ಮ ಮನೆಗೆ ತಂದವರು ಈಗಿನ ಹುಡುಗರು. ಹಿರಿಯರ ಬಾಯಲ್ಲಿ ಅದು ಇವತ್ತಿಗೂ ‘ಗುಡ್ಡಕ್ಕೆ ಹೋಗೋದು’. ಇಪ್ಪತ್ತು ವರ್ಷಕ್ಕೂ ಮೇಲಾಯಿತು ನಾವು ಹೀಗೆ ಮಾಗಿಯ ಚಳಿಯಲ್ಲಿ ಗುಡ್ಡಕ್ಕೆ ಹೋಗಲು ತೊಡಗಿ. ಆ ನಡಿಗೆಗಳಲ್ಲಿ ನಾನು ಕಲಿತದ್ದನ್ನು ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಚಳಿಗಾಲವೇ ಯಾಕೆ ಎಂದು ಕೇಳುವವರಿದ್ದಾರೆ. ಪಶ್ಚಿಮ ಘಟ್ಟದ ಈ ಭಾಗದಲ್ಲಿ ಜೂನ್‌ನಿಂದ ನಾಲ್ಕೈದು ತಿಂಗಳು ಮಳೆ ಬಿಡುವುದಿಲ್ಲ. ಹಳ್ಳಗಳು ದಾಟಲು ಕೊಡುವುದಿಲ್ಲ, ಬಂಡೆಗಳ ಮೇಲೆ ಪಾಚಿ, ಹೆಜ್ಜೆಗೊಂದು ಇಂಬಳ. ಫೆಬ್ರವರಿ ಕಳೆದರೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ, ಅರಣ್ಯ ಇಲಾಖೆ ಎಷ್ಟೋ ಬೆಟ್ಟಗಳ ದಾರಿಯನ್ನೇ ಮುಚ್ಚುತ್ತದೆ. ಇವೆರಡರ ನಡುವೆ ಸಿಕ್ಕುವುದು ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಕಿರಿದಾದ ಕಾಲ. ಮಳೆ ತೊಳೆದ ಗಾಳಿ ಇನ್ನೂ ತಿಳಿಯಾಗಿರುತ್ತದೆ. ಬೆಟ್ಟದ ನೆತ್ತಿಯ ಹುಲ್ಲು ಹಸಿರಿನಿಂದ ಹೊಂಬಣ್ಣಕ್ಕೆ ತಿರುಗುತ್ತಿರುತ್ತದೆ, ಕಣಿವೆಯ ಮಡಿಲಲ್ಲಿರುವ ಶೋಲಾ ಕಾಡು ಮಾತ್ರ ಕಪ್ಪಗೆ ಹಸಿರಾಗಿಯೇ ಉಳಿದಿರುತ್ತದೆ. ಆ ಕಾಡಿನ ಬುಡದಲ್ಲಿ ಮಳೆಗಾಲದ ನೀರು ಹಿಡಿದಿಟ್ಟಂತೆ ಇರುವುದರಿಂದ ಝರಿಗಳು ಸಣ್ಣಗಾದರೂ ಇನ್ನೂ ಹರಿಯುತ್ತಿರುತ್ತವೆ. ಕೊಲ್ಲೂರಿನಲ್ಲಿ ನಾವು ಕಾಲು ತೊಳೆಯುವ ಸೌಪರ್ಣಿಕೆ ಹುಟ್ಟುವುದೂ ಕೊಡಚಾದ್ರಿಯಲ್ಲೇ.

ನಸುಕಿನಲ್ಲಿ ಏಳುವುದೇ ಮೊದಲ ಕಷ್ಟ. ಬಚ್ಚಲ ಒಲೆಯ ಮುಂದೆ ಮಕ್ಕಳು ಕಂಬಳಿ ಹೊದ್ದು ಸಾಲಾಗಿ ಕೂತಿರುತ್ತಾರೆ. ಚಿಕ್ಕಮ್ಮ ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಬಿಸಿ ಕಷಾಯ ಕೊಡುತ್ತಾರೆ. ತೋಟದ ಮೇಲೆ ಮಂಜು ಎಷ್ಟು ದಟ್ಟವಾಗಿ ಕೂತಿರುತ್ತದೆ ಎಂದರೆ ಅಡಕೆ ಮರದ ಬುಡ ಕಾಣುತ್ತದೆ, ತಲೆ ಕಾಣುವುದಿಲ್ಲ. ಒಮ್ಮೆ ಬೆಂಗಳೂರಿನ ಸ್ನೇಹಿತರೊಬ್ಬರ ಮಗಳು ಕೇಳಿದಳು: “ಆಂಟಿ, ಇಲ್ಲೇ ಇಷ್ಟು ಚಳಿ ಇದ್ರೆ ಮೇಲೆ ಇನ್ನೆಷ್ಟಿರುತ್ತೆ?” ಒಳ್ಳೆಯ ಪ್ರಶ್ನೆ. ಸಾಮಾನ್ಯವಾಗಿ ಸಾವಿರ ಮೀಟರ್ ಮೇಲೆ ಹೋದರೆ ಉಷ್ಣತೆ ಆರು ಡಿಗ್ರಿಯಷ್ಟು ಇಳಿಯುತ್ತದೆ. ಆದರೆ ಮೋಡವಿಲ್ಲದ, ಗಾಳಿಯಾಡದ ಚಳಿಗಾಲದ ರಾತ್ರಿಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ, ನೀರಿನಂತೆಯೇ ಇಳಿಜಾರಿನಲ್ಲಿ ಜಾರಿ ಕಣಿವೆಯಲ್ಲಿ ತುಂಬುತ್ತದೆ. ತೋಟದ, ಹಳ್ಳದ ತೇವವೆಲ್ಲ ಅಲ್ಲಿ ಮಂಜಾಗುತ್ತದೆ. ಹಾಗಾಗಿ ಬೆಳಗಿನ ಜಾವ ಗುಡ್ಡದ ಮಧ್ಯಭಾಗಕ್ಕಿಂತ ತೋಟದ ಮನೆಯಲ್ಲೇ ಚಳಿ ಜಾಸ್ತಿ. ಅರ್ಧ ಗಂಟೆ ಹತ್ತಿದ ಮೇಲೆ ಆ ಹುಡುಗಿ ತಾನಾಗಿಯೇ ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಳು. ಮಂಜಿನಿಂದ ತಲೆ ಎತ್ತಿದ ಮೇಲೆ ಹಿಂತಿರುಗಿ ನೋಡಿ, ಕೆಳಗೆ ಚಿಕ್ಕಮ್ಮನ ಮನೆ ಇರಬೇಕಾದ ಜಾಗದಲ್ಲಿ ಬರೀ ಬೆಳ್ಳಗೆ ಇರುವುದನ್ನು ಕಂಡು, “ನಾವು ಅದರೊಳಗೆ ಮಲಗಿದ್ವಾ!” ಎಂದಳು. ಇಂಥ ಒಂದು ಮಾತಿಗಾಗಿ ನಾನು ಎಷ್ಟು ಮಕ್ಕಳನ್ನು ಬೇಕಾದರೂ ನಸುಕಿನಲ್ಲಿ ಎಬ್ಬಿಸುತ್ತೇನೆ.

ಕೊಡಚಾದ್ರಿಯ ಎತ್ತರ 1343 ಮೀಟರ್. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1930 ಮೀಟರ್, ಕುದುರೆಮುಖ 1894 ಮೀಟರ್. ಅವುಗಳ ಮುಂದೆ ಇದು ಸಣ್ಣದೇ. ಆದರೆ ಕರಾವಳಿಯ ಕಡೆಯಿಂದ ಒಮ್ಮೆಲೇ ಎದ್ದು ನಿಂತಿರುವುದರಿಂದ ಹತ್ತುವವರಿಗೆ ಇದರ ಎತ್ತರ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಮೇಲೆ ಮೂಲ ಮೂಕಾಂಬಿಕೆಯ ಗುಡಿ, ಅದರ ಮುಂದೆ ಎತ್ತರದ ಕಬ್ಬಿಣದ ಕಂಬ. ವರ್ಷವರ್ಷವೂ ಅಷ್ಟು ಮಳೆ ಕುಡಿದೂ ನಿಂತಿರುವ ಆ ಕಂಬವನ್ನು ಮಕ್ಕಳು ತಬ್ಬಿ ನೋಡುತ್ತಾರೆ. ಅಲ್ಲಿಂದ ಸುಮಾರು ಎರಡು ಕಿಲೋಮೀಟರ್ ಬೋಳುಗುಡ್ಡದ ಏಣು ಹಿಡಿದು ಹತ್ತಿದರೆ ಶಂಕರಾಚಾರ್ಯರ ಹೆಸರಿನೊಂದಿಗೆ ಸೇರಿಕೊಂಡಿರುವ ಸರ್ವಜ್ಞ ಪೀಠ. ನಾಲ್ಕು ಗೋಡೆಯ ಒಂದು ಪುಟ್ಟ ಕಲ್ಲಿನ ಮಂಟಪ. ಗಾಳಿ ತಿಳಿಯಾಗಿದ್ದರೆ ಪಶ್ಚಿಮಕ್ಕೆ ಅರಬ್ಬಿ ಸಮುದ್ರದ ಹೊಳಪು, ಉತ್ತರಕ್ಕೆ ಲಿಂಗನಮಕ್ಕಿಯ ಶರಾವತಿ ಹಿನ್ನೀರು.

ಕಟ್ಟಿನಹೊಳೆಯ ಕಡೆಯಿಂದ ಜೀಪುಗಳು ಗುಡಿಯವರೆಗೂ ಹೋಗುತ್ತವೆ. ಮಂಡಿ ನೋವಿನವರಿಗೆ, ಕೈಗೂಸು ಎತ್ತಿಕೊಂಡವರಿಗೆ ಅದೊಂದು ದೊಡ್ಡ ಅನುಕೂಲ. ಅದರ ಬಗ್ಗೆ ನಾನು ಹಗುರವಾಗಿ ಮಾತಾಡುವುದಿಲ್ಲ. ಆದರೆ ಕಾಲು ಗಟ್ಟಿಯಿದ್ದವರು ನಡೆದೇ ಹೋಗಬೇಕು ಎನ್ನುವುದು ನನ್ನ ಆಸೆ. ಜೀಪಿನಲ್ಲಿ ಕೂತವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತದೆಯೇ ಹೊರತು ಮಾತು ಕೇಳಿಸುವುದಿಲ್ಲ. ನಡೆಯುವಾಗ ಮಾತು ಬರುತ್ತದೆ. ವರ್ಷವಿಡೀ ಫೋನಿನಲ್ಲಿ “ಚೆನ್ನಾಗಿದೀನಿ” ಎಂದಷ್ಟೇ ಹೇಳಿದ ಅಣ್ಣ, ಒಂದು ಏರಿನಲ್ಲಿ ಉಸಿರು ಬಿಡುತ್ತಾ, ಮುಂದೆ ನೋಡುತ್ತಲೇ, ಕೆಲಸ ಹೋದ ಸಂಗತಿ ಹೇಳಿದ್ದು ಈ ದಾರಿಯಲ್ಲೇ. ಎದುರುಬದುರು ಕೂತಿದ್ದರೆ ಅವನು ಅದನ್ನು ಹೇಳುತ್ತಿರಲಿಲ್ಲ ಎಂದು ನನಗೆ ಖಾತ್ರಿಯಿದೆ.

ಈಗ ಹದಿನೈದು ವರ್ಷದ ಹಿಂದಿನ ಒಂದು ದಿನದ ಕಥೆ ಹೇಳಬೇಕು.

ಅವತ್ತು ನಾವು ಹದಿನಾಲ್ಕು ಜನ. ನನ್ನ ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಆಗ ಅರವತ್ತು ದಾಟಿದವರು, “ನಾನೂ ಬರ್ತೀನಿ” ಎಂದು ಸೀರೆ ಎತ್ತಿ ಕಟ್ಟಿ ಹೊರಟಿದ್ದರು. ತಂಗಿಯ ಮಗನಿಗೆ ಒಂಬತ್ತು ವರ್ಷ. ಹುಡುಗರು ಮೊದಲ ಏರಿನಲ್ಲೇ ಓಡಿಹೋದರು. ನಾವು ನಡುವಯಸ್ಸಿನವರು ಹರಟೆ ಹೊಡೆಯುತ್ತಾ ಅವರ ಹಿಂದೆ. ದೊಡ್ಡಮ್ಮ ಮತ್ತು ಆ ಹುಡುಗ ಎಲ್ಲರಿಗಿಂತ ಹಿಂದೆ. ನಡುನಡುವೆ ನಿಂತು ಕಾಯುತ್ತಿದ್ದೆವು, ಕಾಯಲಿಲ್ಲ ಎಂದಲ್ಲ. ಆದರೆ ಅವರಿಬ್ಬರು ಬಂದು ಸೇರುವಷ್ಟರಲ್ಲಿ ನಮ್ಮ ದಣಿವು ಆರಿರುತ್ತಿತ್ತು. “ಬಂದ್ರಾ? ಸರಿ, ಹೊರಡೋಣ” ಎಂದು ಏಳುತ್ತಿದ್ದೆವು. ನಿಧಾನಕ್ಕೆ ಬಂದವರಿಗೆ, ಎಲ್ಲರಿಗಿಂತ ಹೆಚ್ಚು ವಿಶ್ರಾಂತಿ ಬೇಕಾದವರಿಗೆ, ಒಂದು ಕಡೆಯೂ ಕೂರಲು ಸಿಗಲಿಲ್ಲ. ಅದು ಅವತ್ತು ನಮ್ಮ ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಗುಡಿಯ ಹತ್ತಿರ ತಲುಪಿ ಎಣಿಸಿದರೆ ಹನ್ನೆರಡು ಜನ. ಬರುತ್ತಾರೆ ಎಂದು ಕಾದೆವು. ಅರ್ಧ ಗಂಟೆಯಾಯಿತು. ಒಳದಾರಿಯಲ್ಲಿ ಒಂದು ಕಡೆ ಸೌದೆ ಹೊರುವವರು ಮಾಡಿಕೊಂಡಿದ್ದ ಕವಲು ಇತ್ತು, ಅದು ಎಡಕ್ಕೆ ಕಣಿವೆಗಿಳಿಯುತ್ತಿತ್ತು. ಅದನ್ನು ನೆನೆದು ನನ್ನ ಎದೆ ಧಸಕ್ಕೆಂದಿತು. ನಾನೂ ಯಜಮಾನರೂ ವಾಪಸು ಓಡಿದೆವು. ಕವಲಿನ ಹತ್ತಿರ ನಿಂತು ಕೂಗಿದೆವು. ಹೆಸರು ಹಿಡಿದು ಕೂಗಿದ್ದು ಮರಗಳ ನಡುವೆ ಅಲ್ಲೇ ಕರಗಿಹೋಯಿತು. ಆಗ ಕೆಳಗಿನಿಂದ, ತೆಳ್ಳಗೆ, ಎಳೆದು, ಒಂದು ‘ಕೂ’ ಬಂತು.

ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಕಡೆಯ ಕೇಳುಗರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಮನೆಯಿಂದ ಮನೆಗೆ, ಮನೆಯಿಂದ ಗದ್ದೆಗೆ ದೂರ. ನಡುವೆ ತೋಟ, ಕಾಡು. ಊಟಕ್ಕೆ ಕರೆಯಲು, ದನ ಬಂತೇ ಎಂದು ಕೇಳಲು, ಕತ್ತಲಲ್ಲಿ ಬರುವವರಿಗೆ ದಾರಿ ತೋರಲು ಬಾಯಿಗೆ ಕೈ ಒಡ್ಡಿ ‘ಕೂ’ ಹಾಕುತ್ತಾರೆ. ಮಾತು ಹೋಗದಷ್ಟು ದೂರ ಆ ಏರುದನಿಯ ಒಂದೇ ಸ್ವರ ಹೋಗುತ್ತದೆ. ಕೇಳಿಸಿಕೊಂಡವರು ತಿರುಗಿ ಕೂ ಹಾಕಬೇಕು. ಹಾಕದೆ ಸುಮ್ಮನಿರುವುದು ತಪ್ಪು.

ನಾವು ಕೂ ಹಾಕುತ್ತಾ, ಅವರ ಕೂ ಹಿಡಿದು ಇಳಿದೆವು. ಒಂದು ಸಣ್ಣ ಝರಿಯ ಪಕ್ಕ ಬಂಡೆಯ ಮೇಲೆ ಇಬ್ಬರೂ ಕೂತಿದ್ದರು. ಹುಡುಗ ಬೆಲ್ಲ ಹಾಕಿದ ಅವಲಕ್ಕಿ ತಿನ್ನುತ್ತಿದ್ದ, ಅಳುತ್ತಿರಲಿಲ್ಲ. ದಾರಿ ಸಪೂರವಾಗುತ್ತಾ ಬಂದಾಗಲೇ ದೊಡ್ಡಮ್ಮನಿಗೆ ಅನುಮಾನ ಬಂದಿತ್ತಂತೆ. ಝರಿಯ ಹತ್ತಿರ ಅದು ಪೂರ್ತಿ ಅಳಿಸಿಹೋದ ಮೇಲೆ ಮುಂದಕ್ಕೂ ಹೋಗದೆ, ಹಿಂದಕ್ಕೂ ಬಾರದೆ ಅಲ್ಲೇ ಕೂತುಬಿಟ್ಟಿದ್ದರು. “ದಾರಿ ತಪ್ಪಿದೆ ಅಂತ ಗೊತ್ತಾದ ಮೇಲೆ ಒಂದು ಹೆಜ್ಜೇನೂ ಇಡಬಾರದು ಅಂತ ಅಪ್ಪಯ್ಯ ಹೇಳ್ತಿದ್ರು ಕಣೆ. ಹುಡುಕೋರು ಬಂದೇ ಬರ್ತಾರೆ. ನಾವು ಇದ್ದಲ್ಲೇ ಇದ್ರೆ ಸಿಗ್ತೀವಿ” ಎಂದರು. ಸ್ವಲ್ಪ ಹೊತ್ತಿಗೊಮ್ಮೆ ಕೂ ಹಾಕುವುದು, ಕಿವಿಗೊಟ್ಟು ಕೇಳುವುದು, ಮತ್ತೆ ಕೂ ಹಾಕುವುದು. ಹುಡುಗನಿಗೂ ಕಲಿಸಿದ್ದರು. ಆಮೇಲೆ ನನ್ನ ಕಡೆ ನೋಡಿ ಇಷ್ಟೇ ಹೇಳಿದರು: “ನೀವು ಸ್ವಲ್ಪ ಜೋರಾಗಿ ನಡೀತೀರಿ ಮಾರಾಯ್ತಿ.” ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವತ್ತು ಯಾರೂ ಸರ್ವಜ್ಞ ಪೀಠಕ್ಕೆ ಹೋಗಲಿಲ್ಲ. ಗುಡಿಯ ಹತ್ತಿರ ಬುತ್ತಿ ಬಿಚ್ಚಿ ಉಂಡು, ದೊಡ್ಡಮ್ಮನನ್ನು ಮುಂದೆ ಬಿಟ್ಟುಕೊಂಡು ಇಳಿದೆವು. ಆ ದಿನದ ನಂತರ ನಮ್ಮ ನಡಿಗೆಯ ಕ್ರಮವೇ ಬದಲಾಯಿತು. ಯಾರ ಕಾಲು ನಿಧಾನವೋ ಅವರು ಮುಂದಿನ ಸಾಲಿನಲ್ಲಿ. ಅವರ ಹೆಜ್ಜೆಯೇ ಎಲ್ಲರ ಹೆಜ್ಜೆ. ಎಲ್ಲರಿಗಿಂತ ಗಟ್ಟಿಗ ಯಾರೋ ಅವರು ಕೊನೆಯಲ್ಲಿ, ಅವರು ಯಾರನ್ನೂ ದಾಟಿ ಮುಂದೆ ಬರುವಂತಿಲ್ಲ. ಎಲ್ಲಿ ಕೂತರೂ, ಕೊನೆಯವರು ಬಂದು ಕೂತ ಮೇಲೆಯೇ ವಿಶ್ರಾಂತಿಯ ಲೆಕ್ಕ ಶುರು. ಕವಲು ಬಂದಲ್ಲೆಲ್ಲ ಒಬ್ಬರು ನಿಲ್ಲಬೇಕು, ಕೊನೆಯವರು ಬರುವ ತನಕ ಕದಲಬಾರದು. ಒಬ್ಬರ ಕೂ ಇನ್ನೊಬ್ಬರಿಗೆ ಕೇಳದಷ್ಟು ಅಂತರ ಆಗಕೂಡದು. ಒಳದಾರಿಗಳ ಗೊಡವೆ ಬಿಟ್ಟು, ಇಲಾಖೆ ಒಪ್ಪಿದ ದಾರಿಯಲ್ಲೇ ನಡೆಯುತ್ತೇವೆ. ಮೊದಲ ವರ್ಷ ಹುಡುಗರು ಗೊಣಗಿದರು. ನಿಧಾನ ನಡೆದದ್ದಕ್ಕೇ ಕಂಡ ವಸ್ತುಗಳ ಪಟ್ಟಿ ಬೆಳೆಯುತ್ತಾ ಹೋದಾಗ ಗೊಣಗಾಟ ನಿಂತಿತು. ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದು ಕಣಿವೆ ದಾಟುವ ಸದ್ದು, ಕೆಂದಳಿಲಿನ ಗೂಡು, ಕಾಟಿಯ ಗೊರಸಿನ ಹಸಿ ಗುರುತು. ಓಡುವವರಿಗೆ ಇವು ಯಾವುವೂ ಸಿಕ್ಕಿರಲಿಲ್ಲ.

ಹೊತ್ತಿನ ಲೆಕ್ಕ ಚಳಿಗಾಲದ ನಡಿಗೆಯಲ್ಲಿ ಎಲ್ಲಕ್ಕಿಂತ ಮುಖ್ಯ. ಡಿಸೆಂಬರ್ ಕೊನೆಯಲ್ಲಿ ನಮ್ಮಲ್ಲಿ ಹೊತ್ತು ಹುಟ್ಟುವುದು ಏಳಕ್ಕೆ ಸ್ವಲ್ಪ ಮೊದಲು, ಮುಳುಗುವುದು ಆರು ದಾಟಿ ಸ್ವಲ್ಪಕ್ಕೆ. ಹನ್ನೆರಡು ಗಂಟೆಯ ಹಗಲೂ ಇಲ್ಲ. ಸಾಲದ್ದಕ್ಕೆ ಬೆಟ್ಟದ ಪೂರ್ವದ ಮಗ್ಗುಲಿಗೆ ನಾಲ್ಕು ಗಂಟೆಗೇ ನೆರಳು ಬೀಳುತ್ತದೆ, ದಟ್ಟ ಕಾಡಿನೊಳಗೆ ಐದೂವರೆಗೇ ದಾರಿ ಮಸುಕಾಗುತ್ತದೆ. ನಮ್ಮ ಸೀಮೆಯಲ್ಲಿ ಮುಸ್ಸಂಜೆ ಬಹಳ ಹೊತ್ತು ನಿಲ್ಲುವುದೂ ಇಲ್ಲ. ಅದಕ್ಕೆ ನಾವೊಂದು ಗಡುವು ಇಟ್ಟುಕೊಂಡಿದ್ದೇವೆ. ಮಧ್ಯಾಹ್ನ ಒಂದೂವರೆ. ಆ ಹೊತ್ತಿಗೆ ಎಲ್ಲಿದ್ದೇವೋ ಅಲ್ಲಿಂದ ತಿರುಗುವುದು. ತುದಿ ಕಣ್ಣೆದುರಿಗೇ ಇದ್ದರೂ ಅಷ್ಟೇ. ಹೀಗೆ ಮೂರು ಸಲ ಪೀಠ ಮುಟ್ಟದೆ ಬಂದಿದ್ದೇವೆ. ಕೊಡಚಾದ್ರಿಯ ಸೂರ್ಯಾಸ್ತ ನೋಡಲೇಬೇಕು ಎನ್ನುವವರು ಮೇಲೆಯೇ ರಾತ್ರಿ ತಂಗಲು ಮೊದಲೇ ಏರ್ಪಾಡು ಮಾಡಿಕೊಂಡಿರಬೇಕು. ಮಕ್ಕಳನ್ನೂ ಹಿರಿಯರನ್ನೂ ಕಟ್ಟಿಕೊಂಡು ಸೂರ್ಯ ಮುಳುಗಿದ ಮೇಲೆ ಇಳಿಯಲು ಹೊರಡಬಾರದು.

ಇಳಿಯುವಾಗ ಇನ್ನೊಂದು ಎಚ್ಚರ ಬೇಕು. ಮಳೆಗಾಲದಲ್ಲಿ ಜಾರಿಸುವುದು ಪಾಚಿ, ಚಳಿಗಾಲದಲ್ಲಿ ಒಣಹುಲ್ಲು ಮತ್ತು ತರಗೆಲೆ. ಇಳಿಜಾರಿನ ಒಣಹುಲ್ಲಿನ ಮೇಲೆ ಸವೆದ ಅಟ್ಟೆಯ ಬೂಟು ನಿಲ್ಲುವುದೇ ಇಲ್ಲ. ಮಂಡಿಯ ಮೇಲೆ ಹೆಚ್ಚು ಭಾರ ಬೀಳುವುದೂ ಹತ್ತುವಾಗಿನದಕ್ಕಿಂತ ಇಳಿಯುವಾಗಲೇ. ಹೆಜ್ಜೆ ಸಣ್ಣದಿರಲಿ, ಮಂಡಿ ಸ್ವಲ್ಪ ಮಡಿಸಿರಲಿ, ಕೈಯಲ್ಲಿ ಒಂದು ಕೋಲಿರಲಿ. ಬಟ್ಟೆಯ ವಿಷಯಕ್ಕೆ ಒಂದೇ ಮಾತು: ಒಂದು ದಪ್ಪ ಸ್ವೆಟರಿಗಿಂತ ಎರಡು ಮೂರು ತೆಳು ಬಟ್ಟೆ ಮೇಲು, ಚೀಲದಲ್ಲಿ ಒಣಗಿದ ಅಂಗಿ ಒಂದು ಇರಲೇಬೇಕು. ಬೆವರಿ ಒದ್ದೆಯಾದ ಅಂಗಿಯಲ್ಲಿ ಏಣಿನ ಗಾಳಿಗೆ ನಿಂತರೆ ಬಿಸಿಲಿದ್ದರೂ ಮೈ ನಡುಗುತ್ತದೆ. ಬಾಯಾರಿಕೆ ಅಷ್ಟಾಗಿ ತಿಳಿಯದ ಕಾಲ ಇದು, ಹಾಗಾಗಿ ಮಕ್ಕಳಿಗೆ ಕೇಳದೆಯೇ ನೀರು ಕುಡಿಸುತ್ತಿರಬೇಕು.

ಬುತ್ತಿಯ ಬಗ್ಗೆ ಹೇಳದಿದ್ದರೆ ಚಿಕ್ಕಮ್ಮನಿಗೆ ಬೇಸರವಾದೀತು. ಬಾಳೆಲೆಯಲ್ಲಿ ಕಟ್ಟಿದ ಚಿತ್ರಾನ್ನ, ಅಪ್ಪೆಮಿಡಿ ಉಪ್ಪಿನಕಾಯಿ, ಗಟ್ಟಿ ಮೊಸರು ಕಲಸಿದ ಅವಲಕ್ಕಿ, ಕೋಡುಬಳೆ, ಶೇಂಗಾ ಮತ್ತು ಬೆಲ್ಲ. ಆಲೆಮನೆ ಶುರುವಾಗಿದ್ದರೆ ಹೊಸ ಜೋನಿ ಬೆಲ್ಲದ ತೊಡೆದೇವು. ಬಾಳೆಲೆ ಕಟ್ಟಿದ ಬುತ್ತಿಯಿಂದ ಗುಡ್ಡದ ಮೇಲೆ ಕಸ ಉಳಿಯುವುದಿಲ್ಲ. ಆದರೂ ಆ ಎಲೆಯನ್ನೂ ನಾವು ಚೀಲದಲ್ಲೇ ಕೆಳಗೆ ತರುತ್ತೇವೆ. ಉಪ್ಪು ಹತ್ತಿದ ಎಲೆಯ ರುಚಿ ಹಿಡಿದು ಮಂಗಗಳು ನಡೆಯುವವರ ಚೀಲಕ್ಕೆ ಕೈ ಹಾಕುವುದನ್ನು ಕಲಿಯಬಾರದು.

ಮಂಗ ಎಂದ ಕೂಡಲೇ ಮಲೆನಾಡಿನ ಕೇಳುಗರ ಮನಸ್ಸಿಗೆ ಬರುವ ಭಯದ ಬಗ್ಗೆ ನಾನು ಸ್ವಲ್ಪ ನಿಂತು ಮಾತಾಡಬೇಕು. ಚಳಿಗಾಲಕ್ಕೆ ಇಂಬಳ ಹೋಗುತ್ತದೆ, ಅದರ ಜಾಗಕ್ಕೆ ಉಣುಗು ಬರುತ್ತದೆ. 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದವು, ಸುತ್ತಲಿನ ಹಳ್ಳಿಯ ಜನ ವಿಪರೀತ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಹೊಸದೊಂದು ವೈರಸ್ ಗುರುತಿಸಿದರು. ಕ್ಯಾಸನೂರು ಕಾಡಿನ ಕಾಯಿಲೆ ಎಂದು ಜಗತ್ತಿನ ವೈದ್ಯಗ್ರಂಥಗಳಲ್ಲಿ ಅದರ ಹೆಸರು. ನಮಗೆ ಅದು ಮಂಗನ ಕಾಯಿಲೆ. ಹರಡುವುದು ಉಣುಗಿನಿಂದ. ಅದರಲ್ಲೂ ಇನ್ನೂ ಬೆಳೆಯದ, ಕಣ್ಣಿಗೆ ಸಾಸಿವೆಗಿಂತ ಚಿಕ್ಕದಾಗಿ ಕಾಣುವ ಮರಿ ಉಣುಗುಗಳಿಂದ. ಅವು ತರಗೆಲೆಯ ನಡುವೆ ಹೆಚ್ಚಾಗಿರುವುದು ಮಳೆ ನಿಂತ ಮೇಲೆ, ಹಾಗಾಗಿ ಕಾಯಿಲೆ ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಅಂದರೆ ನಾವು ರಜೆ ಹಾಕಿ ಕಾಡಿಗೆ ಬರುವ ಕಾಲ, ಇಲ್ಲಿಯವರು ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ಕಾಲ, ಕಾಯಿಲೆಯ ಕಾಲ ಎಲ್ಲ ಒಂದೇ.

ಹೆದರಿ ಮನೆಯಲ್ಲಿ ಕೂರಿ ಎಂದು ನಾನು ಹೇಳುತ್ತಿಲ್ಲ. ತಿಳಿದುಕೊಂಡು ಬನ್ನಿ. ಹೊರಡುವ ಮುಂಚೆ ಆ ಊರಿನ ಆರೋಗ್ಯ ಕಾರ್ಯಕರ್ತೆಯರನ್ನೋ ಅರಣ್ಯ ಇಲಾಖೆಯವರನ್ನೋ ಕೇಳಿ: ಈ ಕಡೆ ಮಂಗ ಸತ್ತಿದೆಯಾ? ಸತ್ತಿದ್ದರೆ ಆ ವರ್ಷ ಆ ದಾರಿ ಬೇಡ. ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ, ಬಂಡೆ ಹುಡುಕಿಕೊಳ್ಳಿ. ಆರೋಗ್ಯ ಇಲಾಖೆಯವರು ಮೈಗೆ ಸವರಿಕೊಳ್ಳಲು ಕೊಡುವ ಎಣ್ಣೆ ಸಿಕ್ಕಿದರೆ ಸವರಿಕೊಳ್ಳಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಗೂ ಬಿಸಿನೀರು, ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಸಂದಿಯಲ್ಲಿ ಒಮ್ಮೆ ನೋಡುವುದು. ಮುಂದಿನ ವಾರ ಹತ್ತು ದಿನದೊಳಗೆ ಜ್ವರ ಬಂದರೆ, ನೀವು ಬೆಂಗಳೂರಿನಲ್ಲೇ ಇರಿ, ಬೇರೆ ಯಾವ ಊರಿನಲ್ಲೇ ಇರಿ, ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು, “ನಾನು ಮಲೆನಾಡಿನ ಕಾಡಿಗೆ ಹೋಗಿದ್ದೆ” ಎಂಬುದು. ಆ ಒಂದು ಮಾತು ಹೇಳದಿದ್ದರೆ ಸಾಮಾನ್ಯ ಜ್ವರವೆಂದುಕೊಂಡು ಅಮೂಲ್ಯವಾದ ದಿನಗಳು ಹೋಗುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಆದ್ದರಿಂದ ಕಾಯಿಲೆ ಬಂದವರನ್ನು ದೂರ ಇಡುವ ಅಗತ್ಯವೂ ಇಲ್ಲ.

ಈ ಕಾಯಿಲೆಯ ಜೊತೆಗೆ ಸೇರಿಕೊಂಡ ಒಂದು ಹಕ್ಕಿಯ ಕಥೆಯಿದೆ. ಚಳಿಗಾಲದಲ್ಲಿ ಬೆಟ್ಟದ ದಾರಿಯಲ್ಲಿ ನಮ್ಮ ಮುಂದೆ ಮುಂದೆ ಬಾಲ ಕುಣಿಸುತ್ತಾ ಓಡುವ ಬೂದು ಸಿಪಿಲೆಯನ್ನು ನೀವು ನೋಡಿರಬಹುದು, ಹಳದಿ ಹೊಟ್ಟೆಯದು. ಹಿಮಾಲಯದಿಂದ, ಅದರಾಚೆಯಿಂದ ಚಳಿ ಕಳೆಯಲು ನಮ್ಮಲ್ಲಿಗೆ ಬರುವ ನೆಂಟ ಅದು. ಕ್ಯಾಸನೂರಿನ ವೈರಸ್‌ಗೂ ರಷ್ಯಾದ ಕಾಡುಗಳ ಒಂದು ವೈರಸ್‌ಗೂ ಹತ್ತಿರದ ಸಂಬಂಧ ಕಂಡಾಗ, ವಲಸೆ ಹಕ್ಕಿಗಳು ಉಣುಗಿನ ಮೂಲಕ ಅದನ್ನು ಹೊತ್ತು ತಂದವೇ ಎಂಬ ಅನುಮಾನ ವಿಜ್ಞಾನಿಗಳಿಗೆ ಬಂತು. ಸಲೀಂ ಅಲಿ ಅವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯ ಜಾಡು ಹಿಡಿಯುವ ದೊಡ್ಡ ಕೆಲಸಕ್ಕೆ ಕೈಹಾಕಿದ್ದಕ್ಕೆ ಈ ಅನುಮಾನವೂ ಒಂದು ಕಾರಣ. ನಮ್ಮ ದೇಶದ ಹಕ್ಕಿಗಳು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂಬ ತಿಳಿವಳಿಕೆ ಬೆಳೆದದ್ದರ ಹಿಂದೆ ಸೊರಬದ ಒಂದು ಕಾಡಿನ ಹೆಸರೂ ಇದೆ. ಸಿಪಿಲೆ ಕಂಡಾಗಲೆಲ್ಲ ನಾನು ಮಕ್ಕಳಿಗೆ ಇದನ್ನು ಹೇಳುತ್ತೇನೆ. ಅಷ್ಟು ಪುಟ್ಟ ಹಕ್ಕಿ ಅಷ್ಟು ದೂರದಿಂದ ಬಂದದ್ದು ಕೇಳಿದ ಮೇಲೆ “ಇನ್ನೂ ಎಷ್ಟು ದೂರ?” ಎಂಬ ಪ್ರಶ್ನೆ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಇತ್ತೀಚಿನ ವರ್ಷಗಳಲ್ಲಿ ನನ್ನನ್ನು ಕಾಡುವುದು ರಜೆಯ ನೂಕುನುಗ್ಗಲು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಕ್ಕೆ ಸುಬ್ರಹ್ಮಣ್ಯದ ಮೇಲಿನ ಕುಮಾರಪರ್ವತದ ದಾರಿಯಲ್ಲಿ ಜನ ಜಾತ್ರೆಯಂತೆ ನಿಂತಿದ್ದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಅದಾದ ಮೇಲೆ ಸರ್ಕಾರ ಆನ್‌ಲೈನ್ ಟಿಕೆಟ್ ಇಲ್ಲದ ಕಡೆ ಚಾರಣ ನಿಲ್ಲಿಸಿ, ಮುಂಗಡ ಟಿಕೆಟ್ ಪಡೆದವರನ್ನು ಮಾತ್ರ ದಿನಕ್ಕೆ ಇಷ್ಟೇ ಜನ ಎಂದು ಬಿಡುವ ಏರ್ಪಾಡು ತಂದಿತು. ಇದು ಒಳ್ಳೆಯದೇ ಆಯಿತು ಎಂದು ನಾನು ತುಂಬು ಮನಸ್ಸಿನಿಂದ ಹೇಳುತ್ತೇನೆ. ಟಿಕೆಟ್ ಸಿಗದಿದ್ದರೆ ಬೆಟ್ಟಗಳಿಗೇನು ಬರವೇ? ಹೆಸರು ಮಾಡದ, ಇನ್‌ಸ್ಟಾಗ್ರಾಮಿಗೆ ಸಿಗದ ಗುಡ್ಡ ಪ್ರತಿ ಊರಿನ ಹಿಂದೆಯೂ ಒಂದಿದೆ. ತೀರಾ ಚಿಕ್ಕ ಮಕ್ಕಳಿದ್ದವರು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗಿ ಕವಿಶೈಲ ಹತ್ತಲಿ. ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನ, ವಿಶ್ವಮಾನವ ದಿನ. ರಜೆಗೂ ಅದಕ್ಕೂ ಸರಿಯಾಗಿ ಹೊಂದುತ್ತದೆ. ಸ್ವಲ್ಪವೇ ಏರು, ಮೇಲೆ ಬಂಡೆ, ಬಂಡೆಯ ಮೇಲೆ ಕೂತರೆ ಎದುರಿಗೆ ಅಲೆಅಲೆಯಾಗಿ ಕಾಡು. ನನ್ನ ಮೊಮ್ಮಗಳ ಮೊದಲ ಗುಡ್ಡ ಅದೇ ಆಯಿತು. ಮೂರು ವರ್ಷದವಳು ಅರ್ಧ ದಾರಿ ತಾನೇ ನಡೆದಳು. ಉಳಿದರ್ಧ ಅಜ್ಜನ ಹೆಗಲು.

ಹೋದ ಡಿಸೆಂಬರ್‌ನಲ್ಲಿ ನಾವು ಹತ್ತು ಜನ ಕೊಡಚಾದ್ರಿಗೆ ಹೋಗಿದ್ದೆವು. ಮುಂದೆ ನಾನು. ಈಗ ನಮ್ಮ ಗುಂಪಿನ ನಿಧಾನದ ಕಾಲು ನನ್ನದೇ, ನನ್ನ ಹಿಂದೆ ಎಲ್ಲರೂ ನನ್ನ ಹೆಜ್ಜೆಗೆ ಹೆಜ್ಜೆ ಹಾಕಿ ಬಂದರು. ಎಲ್ಲರಿಗಿಂತ ಕೊನೆಯಲ್ಲಿ ತಂಗಿಯ ಮಗ. ಅವತ್ತು ಬಂಡೆಯ ಮೇಲೆ ಅವಲಕ್ಕಿ ತಿನ್ನುತ್ತಿದ್ದ ಹುಡುಗ, ಈಗ ಇಪ್ಪತ್ತನಾಲ್ಕರ ಯುವಕ. ಹನ್ನೆರಡೂಕಾಲಿಗೆ ಪೀಠ ಮುಟ್ಟಿದೆವು. ಸಮುದ್ರ ಕಾಣಲಿಲ್ಲ, ತೆಳು ಮುಸುಕಿತ್ತು. ಹಿನ್ನೀರು ಚೆನ್ನಾಗಿ ಕಂಡಿತು. ಗಡುವಿಗೆ ಮೊದಲೇ ಇಳಿಯತೊಡಗಿದರೂ ನನ್ನ ಮಂಡಿಯಿಂದಾಗಿ ತಡವಾಯಿತು. ಕಾಡು ಮುಗಿದು ತೋಟದ ಬೇಲಿ ಸಿಗುವ ಹೊತ್ತಿಗೆ ಬೆಳಕು ಇಳಿದಿತ್ತು. ಹಳ್ಳದ ಸದ್ದು ಕೇಳುತ್ತಿತ್ತು, ಮನೆಯ ದೀಪ ಇನ್ನೂ ಕಂಡಿರಲಿಲ್ಲ.

ಆಗ ಕೆಳಗಿನಿಂದ ಕೂ ಬಂತು. ದೊಡ್ಡಮ್ಮ. ಎಪ್ಪತ್ತೆಂಟು ವರ್ಷ, ಗುಡ್ಡ ಹತ್ತುವುದನ್ನು ಬಿಟ್ಟು ಆರು ವರ್ಷವಾಯಿತು. ನಾವು ಇಳಿಯುವ ಹೊತ್ತಿಗೆ ಚಿಕ್ಕಮ್ಮನ ಕೈ ಹಿಡಿದು ಸಂಕದವರೆಗೆ ಬಂದು ನಿಲ್ಲುತ್ತಾರೆ. ದನಿ ಮೊದಲಿನಷ್ಟು ಉದ್ದ ಬರುವುದಿಲ್ಲ, ನಡುವೆ ಒಡೆಯುತ್ತದೆ. ನಾವೆಲ್ಲ ನಿಂತೆವು. ಮುಂದೆ ಇದ್ದವಳು ನಾನೇ ಆದರೂ ನಾನು ಬಾಯಿ ತೆರೆಯಲಿಲ್ಲ. ಸಾಲಿನ ಕೊನೆಯಿಂದ, ನನ್ನ ತಲೆಯ ಮೇಲೆ ಹಾದು, ಅವನ ಕೂ ತೋಟ ದಾಟಿ ಹೋಯಿತು.